ಗುಲ್ಮಾರ್ಗ್‌ನ ಮೇಲಿನ ಬೆಟ್ಟಕ್ಕೆ ಸ್ಕೀ ಹೊತ್ತು ಹೊರಡುವವರಿಗೆ

ಡಿಸೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಹಲವು ಕಡೆಯಿಂದ ಬರುತ್ತದೆ. ಶಿರಸಿಯಿಂದ, ಕುಮಟೆಯಿಂದ, ಕಾರವಾರದ ನೌಕಾನೆಲೆಯ ಕ್ವಾರ್ಟರ್ಸಿನಿಂದ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಜಿಲ್ಲೆಯ ಮಕ್ಕಳಿಂದ: "ಔಲಿಯಲ್ಲಿ ಕೋರ್ಸ್ ಮುಗಿಸಿದ್ದೇನೆ, ಎರಡು ಚಳಿಗಾಲ ಸ್ಕೀ ಮಾಡಿದ್ದೇನೆ. ಗುಲ್ಮಾರ್ಗ್‌ನಲ್ಲಿ ಸೆಕೆಂಡ್ ಫೇಸ್‌ಗೆ ಹೋಗಬಹುದಾ?" ಔಲಿ ಉತ್ತರಾಖಂಡದ ಸ್ಕೀ ತಾಣ; ಸೆಕೆಂಡ್ ಫೇಸ್ ಎಂದರೆ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕೇಬಲ್ ಕಾರು ಏರುವ ಎರಡನೆಯ, ಮೇಲಿನ ಹಂತ. ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೆ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಮನಾಲಿಯ ಸೋಲಂಗ್‌ನಲ್ಲಿ ಬಾಡಿಗೆ ಕೋಟು ತೊಟ್ಟು ಅರ್ಧ ಗಂಟೆ ಜಾರಿ ಫೋಟೊ ತೆಗೆಸಿಕೊಂಡವರಿಗೆ ಈ ಲೇಖನ ಅಲ್ಲ. ಅವರು ಗುಲ್ಮಾರ್ಗ್‌ಗೆ ಧಾರಾಳವಾಗಿ ಹೋಗಬಹುದು, ಕೆಳಗಿನ ಬಯಲಿನಲ್ಲಿ ಆಡಬಹುದು, ಕೇಬಲ್ ಕಾರಿನಲ್ಲಿ ಹತ್ತಿ ಅದರಲ್ಲೇ ಇಳಿಯಬಹುದು. ಇದು ಸ್ಕೀ ಕಟ್ಟಿಕೊಂಡೇ ಮೇಲಿಂದ ಇಳಿಯುವವರಿಗೆ.

1. "ಹಸನು ಮಾಡದ ಬೆಟ್ಟ" ಅಂದರೇನು

ಹೆಚ್ಚಿನ ಸ್ಕೀ ತಾಣಗಳಲ್ಲಿ ರಾತ್ರಿ ಯಂತ್ರ ಓಡಿಸಿ ಹಿಮವನ್ನು ಒತ್ತಿ, ಸಮಮಾಡಿ, ಗೀರು ಹಾಕಿಡುತ್ತಾರೆ. ಗದ್ದೆ ಹಸನು ಮಾಡಿದ ಹಾಗೆ. ಬೆಳಿಗ್ಗೆ ನೀವು ಬರುವ ಹೊತ್ತಿಗೆ ಕಲ್ಲಿಲ್ಲ, ಗುಂಡಿಯಿಲ್ಲ, ಅಂಚಿಗೆ ಗುರುತಿನ ಕಂಬ ಉಂಟು. ಇಂಥ ದಾರಿಗೆ ಪೀಸ್ಟ್ ಎನ್ನುತ್ತಾರೆ. ಅದರಾಚೆಗಿನ, ಬಿದ್ದದ್ದು ಬಿದ್ದಂತೆಯೇ ಇರುವ ಹಿಮಕ್ಕೆ ಆಫ್-ಪೀಸ್ಟ್ ಎಂದು ಹೆಸರು.

ಗುಲ್ಮಾರ್ಗ್‌ನ ಊರಿರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾ ಎಂಬ ಡಬ್ಬಿಯ ಕೇಬಲ್ ಕಾರು ಎರಡು ಹಂತದಲ್ಲಿ ಏರುತ್ತದೆ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೋರಿಯವರೆಗೆ, ಸುಮಾರು 3,100 ಮೀಟರಿಗೆ. 2005ರಲ್ಲಿ ಶುರುವಾದ ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, 3,950 ಮೀಟರಿನ ಆಸುಪಾಸಿಗೆ. ಅಲ್ಲಿ ಇಳಿದು ಸ್ಕೀ ಕಟ್ಟಿಕೊಂಡರೆ ಕೆಳಗಿನ ಊರಿನತನಕ ಸುಮಾರು 1,300 ಮೀಟರ್ ಇಳಿತ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲು ಮುಟ್ಟಿದರೂ ಆರುನೂರು ಮೀಟರೇ; ಇದು ಅದರ ಎರಡು ಪಟ್ಟಿಗೂ ಹೆಚ್ಚು.

ಮೇಲಿನ ಹಂತದಲ್ಲಿ ಹಸನು ಮಾಡಿದ ದಾರಿ ಇಲ್ಲ. ಗೊಂಡೋಲಾದ ಕೆಳಗಿನ ಬೋಗುಣಿಯಂಥ ಇಳಿಜಾರನ್ನು ಗಸ್ತಿನವರು, ಅಂದರೆ ಸ್ಕೀ ಪೆಟ್ರೋಲ್, ನೋಡಿಕೊಳ್ಳುತ್ತಾರೆ; ಹೊಸ ಹಿಮ ಬಿದ್ದಾಗ ಸ್ಫೋಟಕ ಇಟ್ಟು ಸಡಿಲ ಹಿಮವನ್ನು ಮೊದಲೇ ಉರುಳಿಸಿ ಆಮೇಲೆ ಬಿಡುತ್ತಾರೆ. ಆ ಬೋಗುಣಿಯ ಗೆರೆ ದಾಟಿ ಎಡಕ್ಕೋ ಬಲಕ್ಕೋ ಹತ್ತು ಹೆಜ್ಜೆ ಹೋದಿರೋ, ಅದು ಯಾರೂ ನೋಡಿಕೊಳ್ಳದ ಹಿಮಾಲಯ. ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುವುದೇ ಇಲ್ಲಿಯ ಮೋಸ.

2. ನಿಮಗೆ ಬರುತ್ತದೆಯೇ, ನೋಡಿಕೊಳ್ಳಿ

"ಎಷ್ಟು ವರ್ಷದಿಂದ ಸ್ಕೀ ಮಾಡುತ್ತೀರಿ" ಎಂಬುದು ಮುಖ್ಯವಲ್ಲ. ಇವನ್ನು ಕೇಳಿಕೊಳ್ಳಿ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ (ನಮ್ಮ ಹಂಚಿನ ಮನೆಯ ಮಾಡು ಹೆಚ್ಚುಕಡಿಮೆ ಅಷ್ಟಿರುತ್ತದೆ) ನಿಲ್ಲದೆ ಎಡಬಲ ಹತ್ತು ಚಿಕ್ಕ ತಿರುವು ಹಾಕಬಲ್ಲಿರಾ? ಮೊಣಕಾಲಿನವರೆಗಿನ ಹಿಮದಲ್ಲಿ? ಮೇಲೆ ಹಪ್ಪಳದಂತೆ ಗಟ್ಟಿ, ಒಳಗೆ ಮೆತ್ತಗಿರುವ ಹಿಮದಲ್ಲಿ? ಇಕ್ಕಟ್ಟಿನಲ್ಲಿ ಅಡ್ಡ ನಿಂತು ಸೀದಾ ಕೆಳಕ್ಕೆ ಜಾರಿಕೊಂಡು ಬರಬಲ್ಲಿರಾ? ನಿಂತಲ್ಲೇ ಒಂದೊಂದು ಕಾಲೆತ್ತಿ ದಿಕ್ಕು ಬದಲಿಸುವ ಕಿಕ್ ಟರ್ನ್ ಎರಡೂ ಬದಿಗೆ ಬರುತ್ತದೆಯೇ? ಸೊಂಟದವರೆಗೆ ಹೂತ ಮೇಲೆ ಯಾರ ಕೈಯನ್ನೂ ಹಿಡಿಯದೆ ಏಳಬಲ್ಲಿರಾ?

ಕೊನೆಯದನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಹಸನು ಮಾಡಿದ ಹಿಮದಲ್ಲಿ ಕೋಲು ಊರಿದರೆ ಎದ್ದೇಳಬಹುದು. ಇಲ್ಲಿ ಊರಿದ ಕೋಲು ಹಿಡಿಯವರೆಗೆ ಒಳಗೆ ಹೋಗುತ್ತದೆ. ಎರಡು ಕೋಲನ್ನೂ ಅಡ್ಡಕ್ಕೆ ಗುಣಿಸು ಚಿಹ್ನೆಯ ಹಾಗೆ ಹಿಮದ ಮೇಲಿಟ್ಟು, ನಡುವೆ ಕೈ ಒತ್ತಿ ಏಳಬೇಕು. ನಾಲ್ಕು ಸಾವಿರ ಮೀಟರಿನ ಗಾಳಿಯಲ್ಲಿ ಹತ್ತು ಸಲ ಹೀಗೆ ಎದ್ದರೆ ಅವತ್ತಿನ ಕಸುವು ಅಲ್ಲಿಗೆ ಮುಗಿಯಿತು.

ಎರಡಕ್ಕಿಂತ ಹೆಚ್ಚು ಪ್ರಶ್ನೆಗೆ "ಇಲ್ಲ" ಬಂದರೆ ಈ ವರ್ಷ ಮೊದಲ ಹಂತದಲ್ಲೇ ಇರಿ. ಕೊಂಗ್‌ಡೋರಿಯಿಂದ ಕೆಳಗೆ ಮರಗಳ ನಡುವೆಯೂ ಒಳ್ಳೆಯ ಹಿಮ ಉಂಟು. ನಾಲ್ಕೈದು ದಿನ ಅಲ್ಲಿ ಒಬ್ಬ ಶಿಕ್ಷಕರ ಜೊತೆ ಆಫ್-ಪೀಸ್ಟ್ ಕಲಿಯಿರಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

3. ದಿನ ಹಿಡಿಯುವುದು

ನಮ್ಮ ಘಟ್ಟಕ್ಕೆ ನೈಋತ್ಯ ಮಾರುತ ಬಡಿದು ಮಳೆ ಸುರಿದ ಹಾಗೆಯೇ, ಮೆಡಿಟರೇನಿಯನ್ ಕಡೆಯಿಂದ ಬರುವ ತೇವದ ಗಾಳಿ ಪೀರ್ ಪಂಜಾಲ್ ಸಾಲಿಗೆ ಬಡಿದು ಹಿಮ ಸುರಿಸುತ್ತದೆ. ಹವಾಮಾನ ವರದಿಯಲ್ಲಿ ಕೇಳುವ "ಪಶ್ಚಿಮದ ಪ್ರಕ್ಷುಬ್ಧತೆ" ಎಂದರೆ ಇದೇ. ನಮಗೆ ಆರಿದ್ರಾ, ಪುನರ್ವಸು ಇದ್ದ ಹಾಗೆ ಅಲ್ಲಿಯವರಿಗೆ ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನದ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನದ ಚಿಲ್ಲೈ ಬಚ್ಚಾ. ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಸಾಮಾನ್ಯವಾಗಿ ಹಿಮ ಆಳವಾಗಿರುತ್ತದೆ. ಮಾರ್ಚ್ ಬಂದಂತೆ ಮಧ್ಯಾಹ್ನದ ಬಿಸಿಲಿಗೆ ಒದ್ದೆಯಾಗಿ ಭಾರವಾಗುತ್ತದೆ.

ಸಾಮಾನ್ಯವಾಗಿ ಎಂದೆ, ಖಂಡಿತವಾಗಿ ಎನ್ನಲಿಲ್ಲ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೂ ಗುಲ್ಮಾರ್ಗ್‌ನ ಬಯಲು ಕಂದು ಹುಲ್ಲಾಗಿಯೇ ಇತ್ತು. ನಾಲ್ಕು ದಿನದ ರಜೆ ಹಾಕಿ, ಹೋಗಿಬರುವ ಟಿಕೆಟ್ಟನ್ನೂ ಕಟ್ಟಿ ಕುಳಿತವರಿಗೆ ಇಲ್ಲಿ ನಷ್ಟ. ಕಡಿಮೆಯೆಂದರೆ ಎಂಟು ಹತ್ತು ದಿನ ಇಟ್ಟುಕೊಳ್ಳಿ. ಗಾಳಿ ಜೋರಿದ್ದರೆ ಎರಡನೇ ಹಂತ ಬಂದ್, ಹಿಮ ಬೀಳುತ್ತಿದ್ದರೆ ಬಂದ್, ಬಿದ್ದ ಮರುದಿನ ಗಸ್ತಿನವರ ಕೆಲಸ ಮುಗಿಯುವತನಕ ಬಂದ್. ಹತ್ತು ದಿನದಲ್ಲಿ ಮೇಲೆ ನಾಲ್ಕು ಒಳ್ಳೆಯ ದಿನ ಸಿಕ್ಕರೆ ನಿಮ್ಮ ಪುಣ್ಯ. ದಿನ ಕಡಿಮೆಯಿದ್ದವನ ಕಾಲು ತುರಿಸುತ್ತದೆ; ಹೋಗಬಾರದ ದಿನವೇ ಹೋಗುತ್ತಾನೆ.

4. ಸಾಮಾನು, ಮತ್ತು ನಮ್ಮ ಕರಾವಳಿಯ ಹವೆ

ಸ್ಕೀಗಳನ್ನು ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ. ಆಳದ ಹಿಮಕ್ಕೆ ಪಾದದ ಕೆಳಗೆ ನೂರು ಮಿಲಿಮೀಟರಿಗೂ ಅಗಲದ್ದು ಬೇಕು. ಔಲಿಯಲ್ಲಿ ಬಳಸಿದ ಕಿರಿದಾದ ಸ್ಕೀ ಇಲ್ಲಿ ಮುಳುಗುತ್ತದೆ. ಬೂಟು ಮಾತ್ರ ಸ್ವಂತದ್ದಿರಲಿ. ಕಾಲಿಗೆ ಕೂರದ ಬಾಡಿಗೆ ಬೂಟಿನಲ್ಲಿ 1,300 ಮೀಟರ್ ಇಳಿಯುವುದು ಶಿಕ್ಷೆ.

ಬಾಡಿಗೆ ತೆಗೆದುಕೊಳ್ಳುವಾಗ ಬೈಂಡಿಂಗ್ ಅನ್ನು, ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೀಲನ್ನು, ನಿಮ್ಮ ತೂಕಕ್ಕೆ ಹೊಂದಿಸಿದ್ದಾರೆಯೇ ನೋಡಿ. ಅದರ ಮೇಲೊಂದು ಅಂಕಿ ಇರುತ್ತದೆ, ಡಿನ್ ಎನ್ನುತ್ತಾರೆ. ತೀರಾ ಬಿಗಿಯಾದರೆ ಬಿದ್ದಾಗ ಸ್ಕೀ ಕಳಚದೆ ಮೊಣಕಾಲು ತಿರುಚುತ್ತದೆ. ತೀರಾ ಸಡಿಲವಾದರೆ ಕಡಿದಾದಲ್ಲಿ ಕಳಚಿ ಕೈಕೊಡುತ್ತದೆ. "ಸಬ್ ಠೀಕ್ ಹೈ" ಎಂದರೆ ನಂಬಿ ಹೊರಡಬೇಡಿ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಹೇಳಿ, ನಿಮ್ಮ ಕಣ್ಣೆದುರೇ ತಿರುಗಿಸಲು ಹೇಳಿ.

ಸ್ವಂತ ಬೂಟು, ಸ್ಕೀ ಇಟ್ಟುಕೊಂಡ ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಲ್ಲದ ಒಂದು ತಾಪತ್ರಯ ಉಂಟು. ಕಾರವಾರದ ಉಪ್ಪುಗಾಳಿಗೆ ಸ್ಕೀಯ ಉಕ್ಕಿನ ಅಂಚು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಘಟ್ಟದ ಮೇಲಿನವರ ಬೂಟಿನ ಒಳಪದರಕ್ಕೆ ಬೂಷ್ಟು. ಇವೆರಡೂ ಕಣ್ಣಿಗೆ ಕಾಣುತ್ತವೆ, ಉಜ್ಜಿದರೆ ಹೋಗುತ್ತವೆ. ಕಾಣದ್ದು ಬೂಟಿನ ಹೊರಚಿಪ್ಪು. ಬಹಳಷ್ಟು ಚಿಪ್ಪುಗಳು ಪಾಲಿಯುರಿಥೇನಿನವು. ವರ್ಷಗಟ್ಟಲೆ ತೇವದಲ್ಲಿದ್ದರೆ ಅವು ಒಳಗೊಳಗೇ ಜೀರ್ಣವಾಗುತ್ತವೆ. ಹೊರಗೆ ಹೊಸದರ ಹಾಗೇ ಇದ್ದು, ಮೊದಲ ಭಾರ ಬಿದ್ದಾಗ ಬಿಸ್ಕತ್ತಿನಂತೆ ಮುರಿಯುತ್ತವೆ. ಹತ್ತು ವರ್ಷದ ಹಳೆಯ ಬೂಟು ಅಣ್ಣನೋ ಮಾವನೋ ಕೊಟ್ಟರೆಂದು ಹಾಗೇ ತೆಗೆದುಕೊಂಡು ಹೋಗಬೇಡಿ. ಮೊದಲು ಮನೆಯಲ್ಲಿ ಅರ್ಧ ದಿನ ಹಾಕಿಕೊಂಡು ಓಡಾಡಿ, ಮೆಟ್ಟಿಲ ಮೇಲೆ ಬಗ್ಗಿಸಿ ನೋಡಿ. ಮುರಿಯುವುದಾದರೆ ಜಗುಲಿಯ ಮೇಲೆ ಮುರಿಯಲಿ.

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ: ಹತ್ತಿ ಬೇಡ. ಬೆವರು ಕುಡಿದ ಬನಿಯನ್ನು ಮೇಲೆ ಹೋದ ಹತ್ತೇ ನಿಮಿಷಕ್ಕೆ ಮಂಜುಗಡ್ಡೆಯಾಗುತ್ತದೆ. ಒಳಗೆ ಉಣ್ಣೆಯದ್ದೋ ಸಿಂಥೆಟಿಕ್ಕೋ, ನಡುವೆ ಬೆಚ್ಚಗಿನದು, ಹೊರಗೆ ಗಾಳಿ ನೀರು ತಡೆಯುವುದು. ಕಾಲುಚೀಲ ಒಂದೇ ಜೊತೆ. ಚಳಿಯೆಂದು ಎರಡು ಹಾಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಹೆಲ್ಮೆಟ್, ಎರಡು ಜೊತೆ ಕೈಗವಸು, ಮೋಡಕ್ಕೊಂದು ಬಿಸಿಲಿಗೊಂದು ಗಾಗಲ್ ಗಾಜು. ಸಮುದ್ರದ ಬಿಸಿಲು ತಿಂದು ಬೆಳೆದ ಚರ್ಮ ನಮ್ಮದು ಎಂಬ ಹಮ್ಮು ಬೇಡ, ಹಿಮದಿಂದ ಮೇಲಕ್ಕೆ ಚಿಮ್ಮುವ ಬಿಸಿಲು ಮೂಗಿನ ಹೊಳ್ಳೆಯ ಒಳಗನ್ನೂ ಸುಡುತ್ತದೆ.

ಇನ್ನು ಬಿಟ್ಟು ಹೋಗಲೇಬಾರದ ಮೂರು. ಮೊದಲನೆಯದು ಟ್ರಾನ್ಸೀವರ್: ಎದೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ. 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಬಿಡುತ್ತಿರುತ್ತದೆ. ಬೆಟ್ಟದಿಂದ ಕುಸಿದು ಬಂದ ಹಿಮದಲ್ಲಿ ಒಬ್ಬರು ಹೂತರೆ ಉಳಿದವರು ತಮ್ಮದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಆ ಸಂಕೇತದ ಬೆನ್ನು ಹತ್ತುತ್ತಾರೆ. ಎರಡನೆಯದು ಪ್ರೋಬ್: ಮಡಚುವ ಉದ್ದ ಸರಳು, ಚುಚ್ಚಿ ನೋಡಲು. ಮೂರನೆಯದು ಲೋಹದ ಸಲಿಕೆ. ಒಂದಿದ್ದು ಉಳಿದೆರಡು ಇಲ್ಲದಿದ್ದರೆ ಪ್ರಯೋಜನವಿಲ್ಲ. ಕುಸಿತದ ಹಿಮ ನಿಂತ ಕೂಡಲೇ ಗಾರೆಯಂತೆ ಗಟ್ಟಿಯಾಗುತ್ತದೆ, ಕೈಯಲ್ಲಿ ತೋಡಲು ಬರುವುದಿಲ್ಲ.

5. ಮೈ ತಯಾರಿ

ಇಳಿಯುವ ಕಸುವು ಬೇಕು, ಏರುವುದಲ್ಲ. ಎರಡು ತಿಂಗಳು ಮೊದಲೇ ಶುರುಮಾಡಿ. ಘಟ್ಟದ ಕಾಲುದಾರಿಗಳಲ್ಲಿ ನಿಧಾನವಾಗಿ ಇಳಿಯುವುದು, ಗೋಕರ್ಣದ ಕಡೆಯ ಸಡಿಲ ಮರಳಿನಲ್ಲಿ ಬೆನ್ನಿಗೆ ಏಳೆಂಟು ಕಿಲೋ ಹೊತ್ತು ನಡೆಯುವುದು, ಬಸ್ಕಿ. ತೊಡೆ ನಡುಗುವುದು ನಿಂತರೆ ಸಾಕು. ಎತ್ತರದ ಗಾಳಿಗೆ ಮಾತ್ರ ಸಮುದ್ರಮಟ್ಟದಲ್ಲಿ ತಯಾರಿ ಇಲ್ಲ, ಅದು ಅಲ್ಲಿ ಹೋಗಿ ದಿನ ಕಳೆದರೇ ಬರುವುದು.

6. ಪ್ರಯಾಣ, ಫೋನು, ಕಾನೂನು

ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನ ಹಿಡಿದು ದೆಹಲಿಯೋ ಮುಂಬೈಯೋ ಮೂಲಕ ಶ್ರೀನಗರ. ಅಲ್ಲಿಂದ ಐವತ್ತು ಕಿಲೋಮೀಟರ್ ರಸ್ತೆ. ಕೊನೆಯ ಹದಿಮೂರು ಕಿಲೋಮೀಟರ್ ತಂಗ್‌ಮಾರ್ಗ್‌ನಿಂದ ಮೇಲೆ ಏರು. ಹೊಸ ಹಿಮ ಬಿದ್ದಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರ ಎಳೆಯುವ ಗಾಡಿಗಳಿಗೆ ಮಾತ್ರ ಬಿಡುತ್ತಾರೆ. ಶ್ರೀನಗರದಲ್ಲೇ ಇದನ್ನು ಮಾತಾಡಿಕೊಳ್ಳಿ, ಇಲ್ಲವಾದರೆ ತಂಗ್‌ಮಾರ್ಗ್‌ನಲ್ಲಿ ಇಳಿದು ಇನ್ನೊಂದು ಗಾಡಿಗೆ ದುಡ್ಡು ಸುರಿಯಬೇಕು. ಸ್ವಂತ ಸ್ಕೀ ಒಯ್ಯುವವರು ವಿಮಾನದವರಿಗೆ ಮೊದಲೇ ತಿಳಿಸಿ. ಶಿರಸಿ ಬಸ್ಸಿನಲ್ಲಿ ಆ ಉದ್ದ ಚೀಲ ನೋಡಿ ಕಂಡಕ್ಟರು ಅಡಿಕೆ ಕೊಯ್ಯುವ ದೋಟಿಯೇ ಎಂದು ಕೇಳಿದರೆ ಹೌದೆಂದುಬಿಡಿ, ಲಗೇಜಿನ ಲೆಕ್ಕ ಬೇಗ ಮುಗಿಯುತ್ತದೆ.

ನಮ್ಮ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಹೊರಡುವ ಮೊದಲೇ ಬದಲಿಸಿಕೊಳ್ಳಿ. ಪ್ರತಿ ವರ್ಷ ಯಾರಾದರೂ ಶ್ರೀನಗರದಲ್ಲಿ ಇಳಿದ ಮೇಲೆ ಹೋಟೆಲಿನ ವೈಫೈಯಿಂದ ನನಗೆ ಈ ಪ್ರಶ್ನೆ ಕಳಿಸುತ್ತಾರೆ.

ಅಮೆರಿಕದಲ್ಲಿರುವ ಅಕ್ಕನೋ ಭಾವನೋ ಪ್ರೀತಿಯಿಂದ ಉಪಗ್ರಹ ಸಂದೇಶ ಕಳಿಸುವ ಯಂತ್ರ ಕೊಟ್ಟಿದ್ದರೆ ಮನೆಯಲ್ಲೇ ಇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದ ಉಪಗ್ರಹ ಫೋನು, ಉಪಗ್ರಹ ಸಂದೇಶ ಯಂತ್ರ ನಮ್ಮ ದೇಶದಲ್ಲಿ ಕಾನೂನುಬಾಹಿರ. ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಹಿಡಿದ ಪ್ರಕರಣಗಳಿವೆ. ಡ್ರೋನ್ ಕೂಡ ಬೇಡ. ನಿಯಂತ್ರಣ ರೇಖೆ ಅಫರ್ವತ್ ಬೆನ್ನಿನಾಚೆಗೆ ಹತ್ತಿರದಲ್ಲೇ ಉಂಟು, ಸೇನೆಯ ಚೌಕಿಗಳು ಉಂಟು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರದ ಹಲವು ಪ್ರವಾಸಿ ತಾಣಗಳನ್ನು ಮುಚ್ಚಿದ್ದೂ ಉಂಟು. ಹಾಗಾಗಿ ಟಿಕೆಟ್ ಮಾಡುವ ಮೊದಲೂ ಹೊರಡುವ ವಾರವೂ ವಿಚಾರಿಸಿ. ಆಧಾರ್ ಕೈಗೆ ಸಿಗುವಲ್ಲಿರಲಿ.

ವಿಮೆಯ ಕಾಗದವನ್ನು ಪೂರ್ತಿ ಓದಿ. "ಸಾಹಸ ಕ್ರೀಡೆ ಸೇರಿದೆ" ಎಂದು ಮೇಲೆ ಬರೆದು, ಒಳಗೆ ಗುರುತು ಮಾಡಿದ ದಾರಿಯಾಚೆ ಸ್ಕೀ ಮಾಡಿದರೆ ಇಲ್ಲ ಎಂದಿರುವ ಪಾಲಿಸಿಗಳೇ ಹೆಚ್ಚು.

7. ಮೊದಲ ಎರಡು ದಿನ

ಕಾರವಾರದಲ್ಲಿ ಬೆಳಿಗ್ಗೆ ಸೊನ್ನೆ ಮೀಟರಿನಲ್ಲಿ ಚಹಾ ಕುಡಿದವರು ಮರುದಿನ ಮಧ್ಯಾಹ್ನ 3,950 ಮೀಟರಿನಲ್ಲಿ ನಿಂತಿರಬಹುದು. ಮೈಗೆ ಇದು ಅರಗುವುದಿಲ್ಲ. ಶ್ರೀನಗರದಲ್ಲಿ ಒಂದು ರಾತ್ರಿ, ಗುಲ್ಮಾರ್ಗ್‌ನಲ್ಲಿ ಎರಡು ರಾತ್ರಿ ಕಳೆದು ಆಮೇಲೆ ಎರಡನೇ ಹಂತ ಹತ್ತಿ. ತಲೆನೋವು, ವಾಕರಿಕೆ, ನಿದ್ದೆಗೇಡು ಬಂದರೆ ಏರಬೇಡಿ. ನಡೆಯುವಾಗ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಕಾಯದೆ ಕೆಳಗಿಳಿಸಿ ಆಸ್ಪತ್ರೆಗೆ ಒಯ್ಯಬೇಕು. ಮದ್ಯ ಬೇಡ. ಮಾತ್ರೆಯ ವಿಷಯ ನಿಮ್ಮ ಊರಿನ ವೈದ್ಯರನ್ನು ಹೊರಡುವ ಮೊದಲೇ ಕೇಳಿ.

ಕೋಣೆಯಲ್ಲಿ ಬುಖಾರಿ ಎಂಬ ಕಟ್ಟಿಗೆ ಒಲೆ ಇರುತ್ತದೆ. ಹೊಗೆಗಿಂಡಿ ಇಲ್ಲದ ಕೋಣೆಯ ಅಭ್ಯಾಸ ನಮಗಿಲ್ಲ. ಚಳಿಗೆ ಹೆದರಿ ಕಿಟಕಿ ಸಂದಿಗೂ ಬಟ್ಟೆ ತುರುಕಿ ಮಲಗುತ್ತೇವೆ. ಒಲೆಯಿಂದ ಬರುವ ವಿಷದ ಅನಿಲ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಒಂದು ಕಿಂಡಿ ತೆರೆದಿಡಿ, ಮಲಗುವ ಮೊದಲು ಬೆಂಕಿ ನಂದಿಸಿ, ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ಹಾಸಿಗೆಯೊಳಗೆ ತರಬೇಡಿ.

ಈ ಎರಡು ದಿನ ಖಾಲಿ ಅಲ್ಲ. ಬಯಲಿನಲ್ಲಿ ಟ್ರಾನ್ಸೀವರ್ ಅಭ್ಯಾಸ ಮಾಡಿ. ಒಬ್ಬರು ತಮ್ಮ ಯಂತ್ರವನ್ನು ಚೀಲದಲ್ಲಿ ಸುತ್ತಿ ಹಿಮದಲ್ಲಿ ಹೂಳಬೇಕು, ಇನ್ನೊಬ್ಬರು ಗಡಿಯಾರ ಹಿಡಿದು ಹುಡುಕಬೇಕು. ಫೋನು ಟ್ರಾನ್ಸೀವರಿಗೆ ತೊಂದರೆ ಕೊಡುತ್ತದೆ: ಮಾಮೂಲು ಹೊತ್ತಿನಲ್ಲಿ ಒಂದು ಗೇಣಿಗೂ ದೂರ, ಹುಡುಕುವಾಗ ಒಂದು ಮೊಳಕ್ಕೂ ದೂರ ಇರಲಿ. ಐದು ನಿಮಿಷದೊಳಗೆ ಸಿಗುವತನಕ ಮತ್ತೆ ಮತ್ತೆ ಮಾಡಿ. ಊಟಕ್ಕೆ ತಾಪತ್ರಯವಿಲ್ಲ. ಮೀನು ಬಿಟ್ಟಿರಲಾರದವರಿಗೆ ಟ್ರೌಟ್ ಉಂಟು, ಸಸ್ಯಾಹಾರಿಗಳಿಗೆ ಹಾಕ್ ಸೊಪ್ಪು, ತಾವರೆ ದಂಟಿನ ನದ್ರು.

8. ಗೈಡ್

ಬೋಗುಣಿಯ ಗೆರೆ ದಾಟುವುದಾದರೆ ಸ್ಥಳೀಯ ಗೈಡ್ ಬೇಕೇ ಬೇಕು. ಆದರೆ ಗೊಂಡೋಲಾ ಬಾಗಿಲಲ್ಲಿ ಕೈಹಿಡಿದು ಎಳೆಯುವ ಎಲ್ಲರೂ ಗೈಡ್ ಅಲ್ಲ. ಮೂರು ಕೇಳಿ: ನಿಮ್ಮ ಟ್ರಾನ್ಸೀವರ್ ತೋರಿಸಿ. ಹಿಮಕುಸಿತದ ತರಬೇತಿ ಎಲ್ಲಿ ಆಗಿದೆ? ಇವತ್ತು ಯಾವ ಇಳಿಜಾರಿಗೆ ಹೋಗಬಾರದು, ಯಾಕೆ? ಮೂರನೆಯದಕ್ಕೆ "ಎಲ್ಲಿಗೆ ಬೇಕಾದರೂ ಹೋಗೋಣ" ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ. ಹಣ ಮೊದಲೇ ಮಾತಾಡಿ, ಮೇಲೆ ಹೋಗದೆ ವಾಪಸ್ ಬಂದ ದಿನಕ್ಕೂ ಕೊಡುತ್ತೇನೆಂದು ಹೇಳಿ. ಈ ಒಂದು ಮಾತಿನಿಂದ ಅವರಿಗೂ ಬೇಡ ಎನ್ನಲು ಧೈರ್ಯ ಬರುತ್ತದೆ.

9. ಬೆಳಿಗ್ಗೆ ಹೋಗುವುದೋ ಬಿಡುವುದೋ

ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಹಿಮ ಕುಸಿಯುವುದಕ್ಕೂ ಹಿಮಪಾತ ಎಂದೇ ಬರೆಯುತ್ತವೆ. ಇಲ್ಲಿ ಎರಡನ್ನೂ ಬೇರೆಯಾಗಿ ಇಟ್ಟುಕೊಳ್ಳೋಣ. ಬೀಳುವುದು ಹಿಮಪಾತ, ಬೆಟ್ಟದ ಮೈಯಿಂದ ಕಳಚಿ ಬರುವುದು ಹಿಮಕುಸಿತ.

2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಗೆ ಬಂದದ್ದನ್ನು ಕಂಡ ಜಿಲ್ಲೆಗೆ ಕುಸಿತ ಎಂದರೇನೆಂದು ವಿವರಿಸಬೇಕಿಲ್ಲ. ಅಲ್ಲಿ ನೀರು ಕುಡಿದ ಮಣ್ಣಿನ ಭಾರ. ಇಲ್ಲಿ ಹೊಸ ಹಿಮದ ಭಾರ. ಡಿಸೆಂಬರಿನಲ್ಲಿ ತೆಳ್ಳಗೆ ಬಿದ್ದ ಹಿಮ, ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ ಸಕ್ಕರೆಯ ಹರಳಿನಂತಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಜನವರಿ, ಫೆಬ್ರುವರಿಯಲ್ಲಿ ಅದರ ಮೇಲೆ ಒಂದೆರಡು ಮೀಟರ್ ಹಿಮ ಹಲಗೆಯಂತೆ ಕೂರುತ್ತದೆ. ಕೆಳಗೆ ಸಕ್ಕರೆ, ಮೇಲೆ ಹಲಗೆ, ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರು: ಇನ್ನು ಬೇಕಾದ್ದು ಒಬ್ಬರ ತೂಕ. ಶಿರೂರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೇ. ಸ್ಕೀ ಮಾಡುವವರನ್ನು ನುಂಗುವ ಕುಸಿತಗಳಲ್ಲಿ ಬಹುಪಾಲನ್ನು ಎಬ್ಬಿಸುವುದು ಅವರೇ, ಇಲ್ಲವೇ ಅವರ ಜೊತೆಯವರೇ.

2023ರ ಫೆಬ್ರುವರಿ 1ರಂದು ಅಫರ್ವತ್‌ನ ಹಾಪತ್‌ಖುಡ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸತ್ತರು. 2024ರ ಫೆಬ್ರುವರಿ 22ರಂದು ಗುಲ್ಮಾರ್ಗ್‌ನ ಮೇಲಿರುವ ಖಿಲನ್‌ಮಾರ್ಗ್‌ನ ಮೇಲ್ಭಾಗದಲ್ಲಿ ರಷ್ಯಾದ ಒಬ್ಬರು. 2010ರ ಫೆಬ್ರುವರಿಯಲ್ಲಿ ಇದೇ ಗುಲ್ಮಾರ್ಗ್‌ನ ಸೇನಾ ಶಾಲೆಯ ತರಬೇತಿಯಲ್ಲಿದ್ದ ಸೈನಿಕರೇ ಹಲವರು ಹೋದರು, ಹಿಮದಲ್ಲೇ ಪಳಗಲು ಬಂದವರು.

ನಮ್ಮ ಕಡಲಲ್ಲಿ ಇದರ ಅಣ್ಣ ಒಬ್ಬನಿದ್ದಾನೆ. ಗೋಕರ್ಣದ ದಂಡೆಯಲ್ಲಿ ನಿಂತು ನೋಡಿ: ಎರಡು ಕಡೆ ನೊರೆಯೆದ್ದು ಅಲೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ. ಹೊರಗಿನಿಂದ ಬಂದವರು ಈಜಲು ಆರಿಸುವುದು ಆ ಶಾಂತ ಪಟ್ಟಿಯನ್ನೇ. ಮೀನುಗಾರರಿಗೆ ಗೊತ್ತು, ದಂಡೆಗೆ ಬಂದ ನೀರೆಲ್ಲ ಒಳಕ್ಕೆ ಹೋಗುವ ಸೆಳೆತ ಅಲ್ಲೇ. ಬೆಟ್ಟದಲ್ಲೂ ಹಾಗೇ. ಕಲ್ಲಿಲ್ಲದ, ಗೀರಿಲ್ಲದ, ದಿಂಬಿನಂತೆ ಉಬ್ಬಿದ ಇಳಿಜಾರು ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಗಾಳಿ ಬೆನ್ನಿನಾಚೆಯಿಂದ ಹಿಮ ಹೊತ್ತು ತಂದು ಪೇರಿಸಿದ್ದು ಅಲ್ಲೇ.

ಬೆಳಿಗ್ಗೆ ಮಾಡಬೇಕಾದ್ದು: ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತ ಮುನ್ಸೂಚನೆ ನೋಡಿ. ಗುಲ್ಮಾರ್ಗ್ ಬಾರಾಮುಲ್ಲಾ ಜಿಲ್ಲೆಯಲ್ಲಿದೆ. ಆ ಮುನ್ಸೂಚನೆ ಇಡೀ ಜಿಲ್ಲೆಗೆ ಹೇಳಿದ್ದು, ನಿಮ್ಮ ಇಳಿಜಾರಿಗಲ್ಲ. "ಉತ್ತರ ಕನ್ನಡಕ್ಕೆ ಯೆಲ್ಲೊ ಅಲರ್ಟ್" ಎಂದಾಗ ಹಳಿಯಾಳದಲ್ಲಿ ಬಿಸಿಲು, ಹೊನ್ನಾವರದಲ್ಲಿ ಹೊಳೆ ಏರಿದ್ದನ್ನು ನಾವು ನೋಡಿಲ್ಲವೇ? ಆದ್ದರಿಂದ ಗಸ್ತಿನವರ ಹತ್ತಿರ ಹೋಗಿ ಕೇಳಿ. ಹಿಮಕುಸಿತದ ಅಪಾಯಕ್ಕೆ ವಿದೇಶಿಯರು ಬಳಸುವ, ಒಂದರಿಂದ ಐದರವರೆಗಿನ ಅಳತೆಯಲ್ಲಿ ಮೂರು ಎಂದರೆ "ಮಧ್ಯಮ, ನಡೆದೀತು" ಎಂದಲ್ಲ. ಜನ ಹೆಚ್ಚು ಸಾಯುವುದೇ ಮೂರರ ದಿನಗಳಲ್ಲಿ, ನಾಲ್ಕರ ದಿನ ಎಲ್ಲರೂ ಮನೆಯಲ್ಲಿರುತ್ತಾರೆ.

ಒಂದಡಿ ಹೊಸ ಹಿಮ ಬಿದ್ದಿದೆ, ಅಥವಾ ರಾತ್ರಿಯಿಡೀ ಗಾಳಿ ಬೀಸಿದೆ, ಅಥವಾ ಒಮ್ಮೆಲೇ ಬಿಸಿಲೇರಿದೆ: ಈ ಮೂರರಲ್ಲಿ ಯಾವುದಾದರೂ ಇದ್ದರೆ ಗಸ್ತಿನ ಬೋಗುಣಿ ಬಿಟ್ಟು ಆಚೆ ಹೋಗಬೇಡಿ, ಒಂದೆರಡು ದಿನ ಕಾಯಿರಿ. ಮೇಲೆ ಹೋದ ಮೇಲೆ ಪಕ್ಕದ ಇಳಿಜಾರಿನಲ್ಲಿ ತಾಜಾ ಕುಸಿತ ಕಂಡರೆ, ಕಾಲಡಿ "ಧುಂ" ಎಂದು ಹಿಮ ಕುಳಿತ ಸದ್ದು ಕೇಳಿದರೆ, ಸ್ಕೀಯ ಮುಂದೆ ಬಿರುಕು ಓಡಿದರೆ ಚರ್ಚೆ ಬೇಡ, ವಾಪಸ್. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯಬಾರದು ಎಂದು ನಮ್ಮಲ್ಲಿ ಸರ್ಕಾರವೇ ಹೇಳುತ್ತದೆ. ಅಫರ್ವತ್ ಬೆನ್ನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ, ನೀವೇ ಹೇಳಿಕೊಳ್ಳಬೇಕು.

10. ಇಳಿಯುವಾಗ

ಗೊಂಡೋಲಾದಿಂದ ಇಳಿದ ಕೂಡಲೇ ಎಲ್ಲರ ಟ್ರಾನ್ಸೀವರ್ ಚಾಲೂ ಇದೆಯೇ ಒಬ್ಬೊಬ್ಬರದ್ದೇ ನೋಡಿ. ಶಿಖರಸಾಲಿನ ಹಿಂಬದಿಗೆ, ಎಷ್ಟೇ ಚೆಂದದ ಹಿಮ ಕಂಡರೂ, ಇಳಿಯಬೇಡಿ.

ಕಡಿದಾದ ಜಾಗದಲ್ಲಿ ಒಬ್ಬೊಬ್ಬರೇ ಇಳಿಯಿರಿ, ಉಳಿದವರು ಕಣ್ಣಿಟ್ಟು ನೋಡುತ್ತಿರಲಿ. ನಿಲ್ಲುವುದಿದ್ದರೆ ಬದಿಯ ದಿಬ್ಬದ ಮೇಲೆ, ಇಳಿಜಾರಿನ ಬುಡದಲ್ಲಲ್ಲ. ಕೋಲಿನ ಪಟ್ಟಿಗೆ ಕೈ ತೂರಿಸಬೇಡಿ. ಕುಸಿತದಲ್ಲಿ ಕೋಲು ಲಂಗರಿನಂತೆ ಕೆಳಗೆಳೆಯುತ್ತದೆ. ಕೊರಕಲುಗಳನ್ನು ಬಿಡಿ. ಹಾಪತ್ ಎಂದರೆ ಕಾಶ್ಮೀರಿಯಲ್ಲಿ ಕರಡಿ, ಖುಡ್ ಎಂದರೆ ಕೊರಕಲು; ಅಂಥ ಕಡೆ ಚಿಕ್ಕ ಕುಸಿತದ ಹಿಮವೂ ಒಂದೇ ಕಡೆ ಸೇರಿ ಆಳವಾಗುತ್ತದೆ.

ಮರಗಳ ನಡುವೆ ಬಂದಾಗ ಗಂಡಾಂತರ ಮುಗಿಯಿತು ಎನ್ನಿಸುತ್ತದೆ. ಅಲ್ಲಿ ಬೇರೆಯದು ಉಂಟು. ದಟ್ಟ ಕೊಂಬೆಯ ಮರದ ಬುಡದಲ್ಲಿ ಹಿಮ ಕೂರದೆ, ಮೇಲಿಂದ ಕಾಣದ ಪೊಳ್ಳು ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಹೊರಬರುವುದು ಹೆಚ್ಚುಕಡಿಮೆ ಅಸಾಧ್ಯ. ಜೊತೆಗಾರ ಕೂಗಿದರೆ ಕೇಳುವಷ್ಟಲ್ಲ, ಕಾಣುವಷ್ಟು ಹತ್ತಿರ ಇರಬೇಕು.

ದ್ರಂಗ್, ಬಾಬಾ ರೇಶಿ, ತಂಗ್‌ಮಾರ್ಗ್ ಕಡೆಗೆ ಇಳಿದವರು ಗುಲ್ಮಾರ್ಗ್‌ಗಿಂತ ಬಹಳ ಕೆಳಗಿನ ಹಳ್ಳಿಯಲ್ಲಿ ಎದ್ದಿರುತ್ತಾರೆ. ವಾಪಸ್ ಗಾಡಿಯನ್ನು ಮೊದಲೇ ಗೊತ್ತು ಮಾಡಿ. ಮಧ್ಯಾಹ್ನ ಮೂರರ ಮೇಲೆ ಹೊಸ ಇಳಿತ ಶುರುಮಾಡಬೇಡಿ.

11. ಕುಸಿತವಾದರೆ

ನೀವು ಸಿಕ್ಕಿಬಿದ್ದರೆ ಬದಿಗೆ ಸರಿಯಲು ನೋಡಿ, ಆಗದಿದ್ದರೆ ಕೈಕಾಲು ಬಡಿದು ಮೇಲಿರಲು ನೋಡಿ. ವೇಗ ಇಳಿಯುವಾಗ ಮುಖದ ಮುಂದೆ ಕೈ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ.

ಬೇರೆಯವರು ಸಿಕ್ಕಿದ್ದರೆ ಎಲ್ಲಕ್ಕಿಂತ ಮೊದಲು ಕೊನೆಯದಾಗಿ ಕಂಡ ಜಾಗವನ್ನು ಕಣ್ಣಲ್ಲಿ ಹಿಡಿಯಿರಿ. ಇನ್ನೊಂದು ಕುಸಿತ ಬರುವ ಹಾಗಿದೆಯೇ ನೋಡಿ. ಉಳಿದ ಎಲ್ಲರೂ, ಒಬ್ಬರೂ ಬಿಡದೆ, ಟ್ರಾನ್ಸೀವರನ್ನು ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಒಬ್ಬರದ್ದು ಹಾಗೇ ಉಳಿದರೂ ಯಂತ್ರಗಳು ಅವರನ್ನೇ ತೋರಿಸುತ್ತವೆ. ಅಂಕಿ ಇಳಿಯುತ್ತ ಹೋದಂತೆ ನಿಧಾನಿಸಿ, ಕೊನೆಯ ಮೂರು ಮೀಟರ್ ಹಿಮಕ್ಕೆ ಮುಟ್ಟಿಸಿಯೇ ಹುಡುಕಿ. ಅತಿ ಕಡಿಮೆ ಅಂಕಿ ಸಿಕ್ಕಲ್ಲಿ ಪ್ರೋಬ್ ಚುಚ್ಚಿ, ಸಿಗದಿದ್ದರೆ ಗೇಣುಗೇಣು ದೂರಕ್ಕೆ ಸುತ್ತು ಹಾಕುತ್ತ ಚುಚ್ಚಿ. ತಗುಲಿದ ಸರಳನ್ನು ಕೀಳಬೇಡಿ. ಅದರ ಇಳಿಜಾರಿನ ಬದಿಯಿಂದ ತೋಡುತ್ತ ಒಳಗೆ ಹೋಗಿ, ನೇರ ಮೇಲಿಂದ ಅಲ್ಲ.

ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಮೂವತ್ತೈದು ನಿಮಿಷದ ಹೊತ್ತಿಗೆ ಮೂವರಲ್ಲಿ ಒಬ್ಬರು. ಕೆಳಗಿನಿಂದ ಗಸ್ತಿನವರು ಎಷ್ಟೇ ಬೇಗ ಬಂದರೂ ಆ ಹದಿನೈದು ನಿಮಿಷ ನಿಮ್ಮ ಕೈಯದ್ದೇ. ಜನ ಇದ್ದರೆ ಒಬ್ಬರು ಫೋನು ಮಾಡಲಿ, ಇಬ್ಬರೇ ಇದ್ದರೆ ಒಂದು ಕರೆ ಮಾಡಿ ಕೂಡಲೇ ಹುಡುಕಲು ಹೋಗಿ.

12. ಮನೆಗೆ ಬಂದ ಮೇಲೆ

ಶ್ರೀನಗರದಿಂದ ವಾಪಸಾಗುವ ವಿಮಾನ ಹಿಮಕ್ಕೆ ರದ್ದಾಗುವುದುಂಟು. ಅಲ್ಲಿಯ ನಿಲ್ದಾಣದಲ್ಲಿ ತಪಾಸಣೆಯೂ ಹಲವು ಹಂತದ್ದು. ಒಂದು ದಿನ ಕೈಯಲ್ಲಿರಲಿ, ಮೂರು ಗಂಟೆ ಮೊದಲೇ ಹೋಗಿ.

ಊರು ಮುಟ್ಟಿದ ದಿನವೇ ಬೂಟಿನ ಒಳಪದರ ಕಳಚಿ ನೆರಳಲ್ಲಿ ಗಾಳಿಗೆ ಇಡಿ. ಅಡುಗೆಮನೆಯ ಅಟ್ಟ ಒಣಗಿರುತ್ತದೆಂದು ಹಿರಿಯರು ಅಲ್ಲಿಡಲು ಹೇಳುತ್ತಾರೆ. ಬೇಡ, ಒಲೆಯ ಶಾಖಕ್ಕೆ ಒಳಪದರವೂ ಚಿಪ್ಪೂ ಎರಡೂ ಕೆಡುತ್ತವೆ. ಅಂಚಿನ ತುಕ್ಕನ್ನು ಉಜ್ಜಿ, ಸ್ಕೀಯ ಅಡಿಗೆ ದಪ್ಪಗೆ ಮೇಣ ಹಚ್ಚಿ ಅಂಚನ್ನೂ ಮುಚ್ಚಿ, ಕೆರೆಯದೆ ಹಾಗೇ ಬಿಡಿ. ಮೇ ತಿಂಗಳೊಳಗೆ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಹಾಕಿಡಿ. ಶ್ರಾವಣದಲ್ಲಿ ಒಮ್ಮೆ ತೆರೆದು ಪೊಟ್ಟಣ ಬದಲಿಸಬೇಕು. ಟ್ರಾನ್ಸೀವರಿನ ಸೆಲ್ ತೆಗೆದಿಡುವುದನ್ನು ಮರೆಯಬೇಡಿ. ಒಳಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಸೋರಿ ಹಸಿರು ಕಟ್ಟಿರುತ್ತದೆ.